ಎಡ–ಬಲ ಸಮವಾಗಿರಲೇಬೇಕೆ?

(ರಾಂಜಣಗಾಂವದಲ್ಲಿ ನಮ್ಮ ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳು)



ಹೋದ ತಿಂಗಳು ಮಗನಿಗಾಗಿ ಬಂದ ಹುಡುಗಿಯರ ಫೋಟೋಗಳನ್ನು ಮೊಬೈಲಿನಲ್ಲಿ ನೋಡುತ್ತಿದ್ದೆ. "ಈಕಿ ನಕ್ಕರ ಬಾಯಿ ಒಂದು ಕಡೆ ಎಳೀತದ" ಎಂದು ಒಂದು ಫೋಟೋ ಬದಿಗೆ ಸರಿಸಿದೆ. ಮಗ ಪಕ್ಕದಲ್ಲೇ ಇದ್ದ. "ಅಮ್ಮಾ, ನಿನ್ನ ಹುಬ್ಬೂ ಒಂದು ಮ್ಯಾಲ, ಒಂದು ಕೆಳಗ ಅದಲ್ಲ?" ಎಂದ. ನನಗೆ ಮಾತೇ ಹೊರಡಲಿಲ್ಲ. ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದವರೊಬ್ಬರು ಇದೇ ಹುಬ್ಬಿನ ಮಾತೆತ್ತಿ ಬೇಡವೆಂದಿದ್ದರು. ಆ ರಾತ್ರಿ ನಮ್ಮವ್ವ ಅತ್ತದ್ದು ಇನ್ನೂ ನೆನಪಿದೆ.

ಎಡ–ಬಲ ಸಮವಾಗಿರುವುದಕ್ಕೆ ಇಷ್ಟು ಬೆಲೆ ಏಕೆ? ಓದಲು ಕುಳಿತೆ.

ವಿಜ್ಞಾನಿಗಳ ವಾದ ಹೀಗಿದೆ. ದೇಹದ ಎರಡೂ ಬದಿಗಳು ಒಂದೇ ವಂಶವಾಹಿಗಳಿಂದ ಬೆಳೆಯುತ್ತವೆ. ಬೆಳೆಯುವಾಗ ರೋಗ, ಹಸಿವು ಕಾಡಿದರೆ ಎರಡರ ನಡುವೆ ಸಣ್ಣ ವ್ಯತ್ಯಾಸ ಬರಬಹುದು. ಆದ್ದರಿಂದ ಸಮವಾಗಿರುವ ಜೀವಿ ಗಟ್ಟಿಮುಟ್ಟು ಎಂಬುದು ಊಹೆ. ಸ್ವಾಲೋ ಎಂಬ ಕವಲುಬಾಲದ ಹಕ್ಕಿಗಳ ಬಾಲದ ಗರಿಗಳನ್ನು ಮೊಲ್ಲರ್ ಎಂಬುವರು ಬದಲಿಸಿ ನೋಡಿದರು. ಉದ್ದವಾದ, ಸಮವಾದ ಗರಿಯ ಗಂಡುಗಳಿಗೆ ಬೇಗ ಜೋಡಿ ಸಿಕ್ಕಿತೆಂದು 1992ರಲ್ಲಿ ಬರೆದರು. ಆದರೆ ಇಂಥ ಅಧ್ಯಯನಗಳು ಹೆಚ್ಚಿದಂತೆ, ಮೊದಲು ಕಂಡಷ್ಟು ಗಟ್ಟಿಯಾದ ಫಲ ಎಲ್ಲೆಡೆ ಕಾಣಲಿಲ್ಲ.

ನವಿಲಿನ ಮಾತಿಗೆ ದೂರ ಹೋಗಬೇಕಿಲ್ಲ; ನಮ್ಮ ಶಿರೂರು ತಾಲ್ಲೂಕಿನಲ್ಲೇ ಮೋರಾಚಿ ಚಿಂಚೋಳಿ ಇದೆ. ಗರಿಯಲ್ಲಿ ಕಣ್ಣುಗಳು ಹೆಚ್ಚಿದ್ದ ಗಂಡನ್ನೇ ಹೆಣ್ಣು ನವಿಲುಗಳು ಹೆಚ್ಚಾಗಿ ಒಪ್ಪುತ್ತವೆ ಎಂದು ಇಂಗ್ಲೆಂಡಿನಲ್ಲಿ ಮರಿಯನ್ ಪೆಟ್ರಿ ತೋರಿಸಿದರು. ಜಪಾನಿನಲ್ಲಿ ಏಳು ವರ್ಷ ನೋಡಿದವರು, ಅಂಥ ಒಲವು ಕಾಣಲಿಲ್ಲ ಎಂದು 2008ರಲ್ಲಿ ಹೇಳಿದರು. ಅಂದರೆ ನವಿಲುಗಳ ವಿಷಯದಲ್ಲೇ ಒಮ್ಮತವಿಲ್ಲ! ಇನ್ನೊಂದು ಮಾತು: ಅಲ್ಲಿ ಗರಿಬಿಚ್ಚಿ ನಿಲ್ಲುವವನು ಗಂಡು, ಆರಿಸುವವಳು ಹೆಣ್ಣು. ನಮ್ಮ ಉಪ್ಪಿಟ್ಟು–ಕೇಸರಿಬಾತಿರಲಿ, ಇಲ್ಲಿಯ ಕಾಂದೇಪೋಹೆಯಿರಲಿ, ತಟ್ಟೆ ಹಿಡಿದು ನಿಲ್ಲುವವಳು ಹುಡುಗಿ.

ಮನುಷ್ಯರ ಕಥೆ? ಕಂಪ್ಯೂಟರಿನಲ್ಲಿ ಸಮಗೊಳಿಸಿದ ಮುಖವನ್ನು ಜನ ಸ್ವಲ್ಪ ಹೆಚ್ಚು ಮೆಚ್ಚುತ್ತಾರೆ ಎಂದು ಹಲವು ಪ್ರಯೋಗಗಳು ಹೇಳುತ್ತವೆ. ಆದರೆ ಅದು ಆರೋಗ್ಯದ ಗುರುತೇ? ಬ್ರಿಟನ್ನಿನಲ್ಲಿ 15 ವರ್ಷದ 4,700ಕ್ಕೂ ಹೆಚ್ಚು ಮಕ್ಕಳ ಮುಖಗಳನ್ನು ಅಳೆದು, ಅವರ ಬಾಲ್ಯದ ಕಾಯಿಲೆಗಳ ವಿವರಗಳ ಜೊತೆ ಹೋಲಿಸಿದರು. 2014ರಲ್ಲಿ ಬಂದ ಫಲಿತಾಂಶ: ಮುಖದ ಅಸಮತೆಗೂ ಬಾಲ್ಯದ ಅನಾರೋಗ್ಯಕ್ಕೂ ಸಂಬಂಧ ಕಾಣಲಿಲ್ಲ.

ಕಣ್ಣಿಗೆ ಹಿತವಾದದ್ದು ಕಣ್ಣಿಗಷ್ಟೇ ಹಿತ. ಅದರಿಂದ ಗುಣ, ಆರೋಗ್ಯ, ಬಾಳ್ವೆ ಅಳೆಯಲಾಗದು. ನಮ್ಮೂರಿನ ಮಹಾಗಣಪತಿಯ ದರ್ಶನಕ್ಕೆ ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುತ್ತೇವೆ. ಗಣಪನಿಗೆ ಏಕದಂತನೆಂದೇ ಹೆಸರು. ಒಂದು ದಂತ ಮುರಿದಿದೆ ಎಂದು ಯಾರಾದರೂ ಹಿಂತಿರುಗಿದ್ದುಂಟೆ?

ಆ ಫೋಟೋ ಮತ್ತೆ ಹುಡುಕಿ ಮಗನಿಗೆ ಕಳಿಸಿದೆ. ಮೊದಲು ನೀವಿಬ್ಬರೂ ಮಾತಾಡಿ ಎಂದೆ. ಒಪ್ಪುವುದು ಬಿಡುವುದು ಇಬ್ಬರಿಗೂ ಬಿಟ್ಟದ್ದು. ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ: ಇನ್ನೊಬ್ಬರ ಮನೆಯ ಮಗಳ ಫೋಟೋ ಕೈಗೆ ಬಂದಾಗ, ಅದನ್ನು ಬದಿಗೆ ಸರಿಸುವ ಮುನ್ನ ಒಮ್ಮೆ ಕನ್ನಡಿ ನೋಡಿಕೊಳ್ಳೋಣ.