ಸೀಟು ಸಿಕ್ಕಿದ ಮೇಲಿನ ಮಾತು
(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣ)



ಸಿ.ಇ.ಟಿ.ಯಲ್ಲಿ ಒಳ್ಳೆಯ ರ‍್ಯಾಂಕ್ ಪಡೆದು ಎಂಜಿನಿಯರಿಂಗ್ ಸೇರುತ್ತಿರುವ ನಿಮ್ಮನ್ನು ಎಲ್ಲರೂ ಅಭಿನಂದಿಸಿದ್ದಾಯಿತು. ನಾನು ಸೇರಿದ ಮೇಲಿನ ಮಾತು ಆಡುತ್ತೇನೆ. ಪಿ.ಯು.ಸಿ.ವರೆಗೆ ಊರಿಗೇ ಮೊದಲಿಗನಾಗಿದ್ದ ಹುಡುಗ ಮೊದಲ ಸೆಮಿಸ್ಟರಿನಲ್ಲಿ ಗಣಿತ ಫೇಲಾದರೆ ಹಾಸ್ಟೆಲ್ ಕೋಣೆಯ ಬಾಗಿಲು ಹಾಕಿಕೊಂಡು ಕುಳಿತುಬಿಡುತ್ತಾನೆ. ಮನೆಗೆ ಫೋನ್ ಮಾಡುವುದು ಕಡಿಮೆಯಾಗುತ್ತದೆ. ತಂದೆ ಸಾಲ ಮಾಡಿ ಕಟ್ಟಿದ ಫೀಸು ಕಣ್ಣ ಮುಂದೆ ಬರುತ್ತದೆ. ಅಧ್ಯಾಪಕನಾಗಿ ಇಂಥವರನ್ನು ಪ್ರತಿ ವರ್ಷವೂ ನೋಡಿದ್ದೇನೆ. ಓದು ಬಿಟ್ಟುಹೋದವರೂ ಇದ್ದಾರೆ. ಅವರಲ್ಲಿ ಬುದ್ಧಿ ಸಾಲದೆ ಹೋದವರು ಅಪರೂಪ, ಕೇಳಲು ನಾಚಿಕೊಂಡವರೇ ಹೆಚ್ಚು.

ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರ ಹೆಸರನ್ನು ನಮ್ಮ ಎಲ್ಲ ಸಮಾರಂಭಗಳಲ್ಲೂ ಹೇಳುತ್ತೇವೆ. 2002ರಲ್ಲಿ ರಾಷ್ಟ್ರಪತಿಯಾದದ್ದನ್ನು ಹೇಳಿ, ಚಪ್ಪಾಳೆ ತಟ್ಟಿ ಎದ್ದುಬಿಡುತ್ತೇವೆ. ನಿಮಗೆ ಬೇಕಾದದ್ದು ಅವರ ವಿದ್ಯಾರ್ಥಿ ದಿನಗಳು. ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತಶಾಸ್ತ್ರದ ಪದವಿ ಮುಗಿಸಿದ ಮೇಲೆಯೇ ತಮಗೆ ಬೇಕಾದದ್ದು ಎಂಜಿನಿಯರಿಂಗ್ ಎಂಬುದು ಅವರಿಗೆ ಹೊಳೆಯಿತು. ಮದರಾಸಿನ ಎಂ.ಐ.ಟಿ.ಯಲ್ಲಿ ಸೀಟು ಸಿಕ್ಕಿತು. ಬೇಕಾದ ಸುಮಾರು 1000 ರೂಪಾಯಿ ಮನೆಯಲ್ಲಿರಲಿಲ್ಲ. ಅಕ್ಕ ಜೊಹರಾ ತನ್ನ ಚಿನ್ನದ ಬಳೆ, ಸರ ಅಡವಿಟ್ಟರು. ಇಲ್ಲಿ ಕುಳಿತಿರುವ ಎಷ್ಟೋ ತಾಯಂದಿರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿ ಅವರಿಗೂ ನಾಲ್ವರು ಸಹಪಾಠಿಗಳಿಗೂ ಕೆಳಮಟ್ಟದಲ್ಲಿ ಹಾರುವ ಯುದ್ಧವಿಮಾನವೊಂದರ ವಿನ್ಯಾಸ ಮಾಡುವ ಪ್ರಾಜೆಕ್ಟ್ ಬಂತು. ವಾಯುಚಲನ ವಿನ್ಯಾಸ ಮತ್ತು ಅದರ ನಕ್ಷೆ ಕಲಾಂ ಅವರ ಪಾಲು. ನಿರ್ದೇಶಕ ಪ್ರೊ. ಶ್ರೀನಿವಾಸನ್ ಕೆಲಸ ನೋಡಿ, ಏನೂ ಆಗಿಲ್ಲವೆಂದರು. ಕಲಾಂ ಒಂದು ತಿಂಗಳು ಕೇಳಿದರು. ಸಿಕ್ಕಿದ್ದು ಮೂರು ದಿನ. ಆ ದಿನ ಶುಕ್ರವಾರ. ಸೋಮವಾರ ಬೆಳಿಗ್ಗೆಗೆ ನಕ್ಷೆ ಬರದಿದ್ದರೆ ವಿದ್ಯಾರ್ಥಿವೇತನ ನಿಲ್ಲುತ್ತಿತ್ತು. ಅಂದು ರಾತ್ರಿ ಊಟ ಬಿಟ್ಟು ಡ್ರಾಯಿಂಗ್ ಬೋರ್ಡಿಗೆ ಅಂಟಿಕೊಂಡರು. ಭಾನುವಾರ ಆ ಪ್ರೊಫೆಸರರೇ ಟೆನಿಸ್ ಉಡುಪಿನಲ್ಲಿ ಬಂದು ದೂರ ನಿಂತು ನೋಡುತ್ತಿದ್ದರಂತೆ; ಆಮೇಲೆ ಹತ್ತಿರ ಬಂದು ಅಪ್ಪಿಕೊಂಡರು. ಶಿಕ್ಷಕರಾದ ನಾವೂ ಗಮನಿಸಬೇಕು: ಬೈದವರು ರಜೆಯ ದಿನ ಬಂದು ನೋಡಿದರು ಕೂಡ.

ಈಗ ಪೇಟೆಯಲ್ಲಿ ಸಿದ್ಧ ಪ್ರಾಜೆಕ್ಟ್ ಮಾರುವ ಅಂಗಡಿಗಳಿವೆ. ದುಡ್ಡು ಕೊಟ್ಟರೆ ರಿಪೋರ್ಟನ್ನೂ ಬೈಂಡ್ ಮಾಡಿಸಿ ಕೊಡುತ್ತಾರೆ. ಕೊಂಡು ತಂದವನನ್ನು ವೈವಾದಲ್ಲಿ ಎರಡನೆಯ ಪ್ರಶ್ನೆಗೇ ಗುರುತಿಸಬಹುದು. "ಈ ಮೋಟಾರನ್ನೇ ಏಕೆ ಹಾಕಿದೆ?" ಎಂದರೆ ಸಾಕು, ಗೆಳೆಯನ ಮುಖ ನೋಡುತ್ತಾನೆ. ನಿಮ್ಮ ಕೈಯಿಂದಲೇ ಮಾಡಿ, ಓಡದಿದ್ದರೂ ಚಿಂತೆಯಿಲ್ಲ. ಏಕೆ ಓಡಲಿಲ್ಲವೆಂದು ಹೇಳಬಲ್ಲವನಿಗೆ ಅಂಕ ಕೊಡಲು ನಮಗೆ ಸಂತೋಷ.

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಇನ್ನೊಂದು ಮಾತು. ಎಂ.ಐ.ಟಿ.ಯ ತಮಿಳು ಸಂಘದ ಪ್ರಬಂಧ ಸ್ಪರ್ಧೆಯಲ್ಲಿ, ನಮ್ಮ ವಿಮಾನವನ್ನು ನಾವೇ ಮಾಡೋಣ ಎಂಬ ವಿಷಯವಾಗಿ ತಮಿಳಿನಲ್ಲಿ ಬರೆದು ಕಲಾಂ ಮೊದಲ ಬಹುಮಾನ ಪಡೆದರು. ವಿಷಯ ಮೊದಲು ನಿಮ್ಮ ಭಾಷೆಯಲ್ಲಿ ತಲೆಗೆ ಹತ್ತಲಿ. ತರಗತಿಯಲ್ಲಿ ಕನ್ನಡದಲ್ಲೇ ಕೇಳಿ. ಇಂಗ್ಲಿಷು ಲ್ಯಾಬ್ ರೆಕಾರ್ಡ್ ಬರೆಯುತ್ತಾ ಬರುತ್ತದೆ.

ಎಂ.ಐ.ಟಿ. ಮುಗಿಸಿ ಅವರು ತರಬೇತಿಗೆ ಬಂದದ್ದು ನಮ್ಮ ಬೆಂಗಳೂರಿನ ಎಚ್.ಎ.ಎಲ್.ಗೆ. ವಿಮಾನದ ಎಂಜಿನ್ ಬಿಚ್ಚಿ ಜೋಡಿಸುವ ಕೆಲಸದಲ್ಲಿ ಕೈ ಪಳಗಿತು. ಮುಂದೆ ಡೆಹ್ರಾಡೂನಿನಲ್ಲಿ ವಾಯುಪಡೆಯ ಆಯ್ಕೆ: 25 ಮಂದಿಯಲ್ಲಿ ಇವರು ಒಂಬತ್ತನೆಯವರು, ತೆಗೆದುಕೊಂಡದ್ದು ಎಂಟು ಜನರನ್ನು. ಪೈಲಟ್ ಆಗುವ ಆಸೆ ಅಲ್ಲಿಗೆ ಮುಗಿಯಿತು; ಎಂಜಿನಿಯರ್ ಕೆಲಸ ಕೈ ಬಿಡಲಿಲ್ಲ, 1958ರಲ್ಲಿ ದೆಹಲಿಯಲ್ಲಿ ಸೇರಿಕೊಂಡರು.

ಕೊನೆಯದಾಗಿ ಒಂದು ಸೂಚನೆ. ಮುಂದಿನ ತಿಂಗಳಿಂದ ಭಾನುವಾರ ಬೆಳಿಗ್ಗೆ ಇದೇ ಸಭಾಂಗಣದಲ್ಲಿ ಮೊದಲ ವರ್ಷದ ಗಣಿತ ಹೇಳಿಕೊಡಲು ಅಂತಿಮ ವರ್ಷದ ಮೂವರು ಒಪ್ಪಿದ್ದಾರೆ, ಅವರಲ್ಲಿ ಇಬ್ಬರು ಹೆಣ್ಣುಮಕ್ಕಳು. ದೂರದಿಂದ ಬಸ್ಸಿನಲ್ಲಿ ಬರುವವರಿಗೆ ಸಮಯ ಹೊಂದದಿದ್ದರೆ, ಊಟಕ್ಕೆ ಏಳುವ ಮುಂಚೆ ನನಗೆ ಹೇಳಿ.