ಹಾಜರಿ ಪುಸ್ತಕದಲ್ಲಿಲ್ಲದ ಹದಿನಾಲ್ಕು ದಿನ

(ಗುತ್ತಿಗೆ ಕಾರ್ಮಿಕರ ಮಾಹಿತಿ ಸಭೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರು ಮಾಡಿದ ಭಾಷಣದ ಪಠ್ಯ)



“ಅರ್ಧ ಸಂಬಳ ಬ್ಯಾಂಕಿಗೆ, ಅರ್ಧ ಕೈಗೆ ಕೊಡುತ್ತಾರೆ ಸರ್. ಪಿ.ಎಫ್. ಕಡಿತ ಕಡಿಮೆ, ನಮಗೇ ಲಾಭ.” ನಮ್ಮ ಕಚೇರಿಗೆ ಬರುವವರಿಂದ ಈ ಮಾತನ್ನು ಪದೇ ಪದೇ ಕೇಳುತ್ತಿದ್ದೇನೆ. ಆ ಲಾಭದ ಲೆಕ್ಕವನ್ನು ಇಂದು ತಮ್ಮ ಮುಂದಿಡಬಯಸುತ್ತೇನೆ.

ದಿನಗೂಲಿ 550 ರೂಪಾಯಿ ಎಂದಿಟ್ಟುಕೊಳ್ಳೋಣ. 26 ದಿನಕ್ಕೆ 14,300 ರೂಪಾಯಿ. ಕೂಲಿಯ ದರವನ್ನೇ ಅರ್ಧಕ್ಕಿಳಿಸಿ ಬರೆದರೆ ಕನಿಷ್ಠ ವೇತನದ ಉಲ್ಲಂಘನೆ ಕಾಗದದ ಮೇಲೆಯೇ ಕಾಣುತ್ತದೆ. ಆದ್ದರಿಂದ ದರವನ್ನು ಮುಟ್ಟದೆ ದಿನಗಳನ್ನು ಇಳಿಸುತ್ತಾರೆ. ಪುಸ್ತಕದಲ್ಲಿ 12 ದಿನ, 6,600 ರೂಪಾಯಿ. ಉಳಿದ 14 ದಿನದ ಹಣ ಲಕೋಟೆಯಲ್ಲಿ.

ಭವಿಷ್ಯ ನಿಧಿಗೆ ಶೇ. 12ರಂತೆ 1,716 ರೂಪಾಯಿ ಹೋಗಬೇಕಾದಲ್ಲಿ 792 ಹೋಗುತ್ತದೆ. ನಿಮ್ಮ ಪಾಲಿನ 924 ರೂಪಾಯಿ ಕೈಯಲ್ಲಿ ಉಳಿಯಿತು, ನಿಜ. ಆದರೆ ಉದ್ಯೋಗದಾತರೂ ಅಷ್ಟೇ ಪಾಲು ಕಟ್ಟಬೇಕಿತ್ತು. ಆ 924 ಅವರ ಜೇಬಿನಲ್ಲಿ ಉಳಿಯಿತು. ವರ್ಷಕ್ಕೆ 11,088 ರೂಪಾಯಿ.

ಇ.ಎಸ್.ಐ. ವಿಚಾರ ಇದಕ್ಕಿಂತ ಗಂಭೀರ. ಅನಾರೋಗ್ಯ ಭತ್ಯೆಗೆ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಲ್ಲಿಕೆಯಾಗಿರಬೇಕು. ತಿಂಗಳಿಗೆ 12 ದಿನದಂತೆ ಆಗುವುದು 72. ವಾಸ್ತವವಾಗಿ 156 ದಿನ ದುಡಿದ ವ್ಯಕ್ತಿ ಆರು ದಿನದ ಕೊರತೆಯಿಂದಾಗಿ, ಮಲಗಿದ ಕಾಲಕ್ಕೆ ಸಿಗಬೇಕಾದ ಕೂಲಿಯ ಶೇ. 70ರಷ್ಟು ಭತ್ಯೆಯನ್ನು ಕಳೆದುಕೊಳ್ಳುತ್ತಾನೆ. ಕೆಲಸದಲ್ಲಿ ಗಾಯವಾದರೆ ಈ 78 ದಿನಗಳ ನಿಯಮವಿಲ್ಲ, ಮೊದಲ ದಿನದಿಂದಲೇ ರಕ್ಷಣೆಯಿದೆ. ಆದರೆ ಕೈ ಯಂತ್ರಕ್ಕೆ ಸಿಲುಕಿದ್ದು ಆ ಲಕೋಟೆಯ ದಿನಗಳಲ್ಲೊಂದಾದರೆ? ಅಂದು ತಾವು ಅಲ್ಲಿದ್ದಿರೆಂದು ಹೇಳುವ ದಾಖಲೆಯೇ ಇರುವುದಿಲ್ಲ. ಎಂಜಿನಿಯರಿಂಗ್ ಓದಿದ ನನಗೆ ಇದು ಬೇಗ ಅರ್ಥವಾಗುತ್ತದೆ. ಅಳತೆ ಪುಸ್ತಕಕ್ಕೆ ಏರದ ಕಾಮಗಾರಿಗೆ ಬಿಲ್ಲಾಗುವುದಿಲ್ಲ.

ಕೆಲಸ ಬಿಡಿ ಎಂದು ವೇದಿಕೆಯಿಂದ ಹೇಳುವುದು ಸುಲಭ. ಮನೆ ನಡೆಸಬೇಕಾದವರು ತಾವು. ಸದ್ಯಕ್ಕೆ ಒಂದು ಪುಸ್ತಕದಲ್ಲಿ ದಿನಾಂಕ, ಪಾಳಿ, ಮೇಲ್ವಿಚಾರಕರ ಹೆಸರು ಮತ್ತು ಕೈಗೆ ಬಂದ ಮೊತ್ತವನ್ನು ಅಂದಂದೇ ಬರೆದಿಡಿ. ಕೆಲಸದ ವಾಟ್ಸಾಪ್ ಸಂದೇಶಗಳನ್ನು ಅಳಿಸಬೇಡಿ. ಖಾಲಿ ವೋಚರಿಗೆ ಸಹಿಯಾಗಲಿ ಹೆಬ್ಬೆಟ್ಟಾಗಲಿ ಹಾಕಬೇಡಿ. ಯು.ಎ.ಎನ್. ಸಂಖ್ಯೆ ಪಡೆದು ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ನೋಡಿಕೊಳ್ಳಿ. “ಸರ್, ನನ್ನ 26 ದಿನವನ್ನೂ ಹಾಜರಿಯಲ್ಲಿ ಬರೆಸಿ, ನನ್ನ ಪಾಲಿನ ಕಡಿತಕ್ಕೆ ಒಪ್ಪಿಗೆಯಿದೆ” ಎಂದು ಕೇಳುವುದರಲ್ಲಿ ಜಗಳವೇನಿಲ್ಲ. ಒಬ್ಬರೇ ಕೇಳುವುದಕ್ಕಿಂತ ಒಂದೇ ಪಾಳಿಯ ನಾಲ್ವರು ಕೂಡಿ ಕೇಳುವುದು ಲೇಸು.

ಗುತ್ತಿಗೆದಾರರು ವಂತಿಗೆ ಕಟ್ಟದಿದ್ದಲ್ಲಿ ಮೂಲ ಉದ್ಯೋಗದಾತರಾದ ಕಾರ್ಖಾನೆಯವರೇ ಹೊಣೆ. ಹಾಗಾಗಿ ದೂರಿನಲ್ಲಿ ಇಬ್ಬರ ಹೆಸರನ್ನೂ ಬರೆಯತಕ್ಕದ್ದು. ಕೂಲಿಯ ವಿಚಾರಕ್ಕೆ ಕಾರ್ಮಿಕ ನಿರೀಕ್ಷಕರನ್ನು, ಉಳಿದವುಗಳಿಗೆ ಭವಿಷ್ಯ ನಿಧಿ ಮತ್ತು ಇ.ಎಸ್.ಐ. ಕಚೇರಿಗಳನ್ನು ಕಾಣಬೇಕು. ಅರ್ಜಿ ಬರೆಯಲು ತೊಡಕಿದ್ದವರು ತಮ್ಮ ಹಾಜರಿ ಪುಸ್ತಕ ಹಾಗೂ ಬ್ಯಾಂಕ್ ಪಾಸ್‌ಪುಸ್ತಕದೊಂದಿಗೆ ಪಂಚಾಯಿತಿ ಕಚೇರಿಗೆ ಬಂದರೆ ಬರೆದುಕೊಡಲಾಗುವುದು.