ಓದು ನಡುವೆ ನಿಂತರೂ ಕಲಿತದ್ದು ಕೈಬಿಡದು
(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಮಳೆ ಕೈಕೊಟ್ಟ ವರ್ಷ ಮಗನನ್ನು ಕಾಲೇಜು ಬಿಡಿಸುತ್ತೇವೆ. ಮದುವೆಯಾಗಿ ಬೇರೆ ಜಿಲ್ಲೆಗೆ ಹೋದ ಮಗಳ ಓದು ಅಲ್ಲಿಗೇ ನಿಲ್ಲುತ್ತದೆ. "ಎರಡು ವರ್ಷದ ಓದು ನೀರಿಗೆ ಹೋಯಿತು" ಎಂದು ಕೊರಗುತ್ತೇವೆ. ಹಾಗಾಗಬೇಕಾದ್ದಿಲ್ಲ ಎಂಬುದನ್ನು ತಿಳಿಸುವುದೇ ಈ ಮಾತಿನ ಉದ್ದೇಶ.

ಈಗ ಕಾಲೇಜಿನ ಓದಿಗೆ ಕ್ರೆಡಿಟ್ ಎಂಬ ಅಳತೆಯುಂಟು. ವಾರಕ್ಕೆ ಒಂದು ಗಂಟೆಯಂತೆ ಒಂದು ಸೆಮಿಸ್ಟರ್, ಅಂದರೆ ಅರ್ಧ ವರ್ಷ, ಪಾಠ ಕೇಳಿ ಪಾಸಾದರೆ ಸಾಮಾನ್ಯವಾಗಿ ಒಂದು ಕ್ರೆಡಿಟ್. ಪ್ರಯೋಗಶಾಲೆಯ ಕೆಲಸವಾದರೆ ವಾರಕ್ಕೆ ಎರಡು ಗಂಟೆ ಬೇಕು. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2022ರಲ್ಲಿ ಕೊಟ್ಟ ಚೌಕಟ್ಟಿನಂತೆ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್ ಕೂಡಬೇಕು.

ಇವನ್ನು ಕೂಡಿಡಲು 2021ರಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬ ಏರ್ಪಾಡು ಆಯಿತು. ಈ ಬ್ಯಾಂಕಿನಲ್ಲಿ ಹಣವಿಲ್ಲ; ಹಾಲಿನ ಡೇರಿಯ ಪಾಸ್‌ಬುಕ್ಕಿನಲ್ಲಿ ಲೀಟರು ಬರೆದಂತೆ ಪಾಸಾದ ವಿಷಯಗಳ ಲೆಕ್ಕವಿರುತ್ತದೆ. ಖಾತೆ ತೆರೆಯುವವನು ವಿದ್ಯಾರ್ಥಿ. ಕ್ರೆಡಿಟ್ ಜಮಾ ಮಾಡತಕ್ಕದ್ದು ವಿದ್ಯಾಸಂಸ್ಥೆ. ಜಮೆಯಾದದ್ದು ಸಾಮಾನ್ಯವಾಗಿ ಗರಿಷ್ಠ 7 ವರ್ಷ ಉಳಿಯುತ್ತದೆ. ಅಷ್ಟರೊಳಗೆ ಓದನ್ನು ಮುಂದುವರಿಸಬೇಕು.

ಇಲ್ಲಿ ಒಂದು ಎಚ್ಚರಿಕೆ. ರಾಗಿ ಮೂಟೆಯ ತೂಕ ಯಾವ ಸಂತೆಗೆ ಹೋದರೂ ಅಷ್ಟೇ; ಆದರೆ ಕೊಳ್ಳುವವನು ಕಾಳು ನೋಡಿಯೇ ಕೊಳ್ಳುತ್ತಾನೆ. ಹಾಗೆಯೇ ಹೊಸ ಕಾಲೇಜು ತನ್ನ ಪಾಠಪಟ್ಟಿಗೆ ಹೊಂದುವ ವಿಷಯಗಳನ್ನು ಮಾತ್ರ ಒಪ್ಪಬಹುದು. ಸೀಟು ಇರಬೇಕು; ಎರಡೂ ಸಂಸ್ಥೆಗಳು ಈ ಬ್ಯಾಂಕಿನಲ್ಲಿ ನೋಂದಾಯಿಸಿರಬೇಕು. ಅಲ್ಲದೆ 2021ರ ನಿಯಮದಂತೆ ಪದವಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿರಬೇಕು. ಆದ್ದರಿಂದ ಕೊನೆಯ ವರ್ಷದಲ್ಲಿ ಕಾಲೇಜು ಬದಲಿಸುವುದು ಕಷ್ಟ.

ತಾವು ಮಾಡಬೇಕಾದದ್ದು ಇಷ್ಟು:

1. ಆಧಾರ್ ಮತ್ತು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಹೆಸರು, ಹುಟ್ಟಿದ ದಿನ ಒಂದೇ ಇರಲಿ.

2. ಡಿಜಿಲಾಕರ್ ಮೂಲಕ ಖಾತೆ ತೆರೆಯಿಸಿರಿ. ಮೊಬೈಲಿಗೆ ಬರುವ ಓ.ಟಿ.ಪಿ.ಯನ್ನು ಅಪರಿಚಿತರಿಗೆ ಹೇಳಬೇಡಿರಿ.

3. ಪ್ರತಿ ಫಲಿತಾಂಶದ ನಂತರ ಕ್ರೆಡಿಟ್ ಜಮೆಯಾಗಿದೆಯೇ ನೋಡಿರಿ. ಆಗಿರದಿದ್ದರೆ ಕಾಲೇಜಿಗೆ ಅರ್ಜಿ ಕೊಡಿರಿ.

4. ಹಳೆಯ ಕಾಲೇಜಿನಿಂದ ಟಿ.ಸಿ. ತೆಗೆಯುವ ಮುನ್ನವೇ ಅಂಕಪಟ್ಟಿ, ಪಾಠಪಟ್ಟಿಗಳನ್ನು ಹೊಸ ಕಾಲೇಜಿಗೆ ಒಯ್ದು, ಯಾವ ಕ್ರೆಡಿಟ್ ಒಪ್ಪುತ್ತಾರೆಂದು ಬರವಣಿಗೆಯಲ್ಲಿ ಪಡೆಯಿರಿ. ಬಾಯಿಮಾತನ್ನು ನಂಬಿ ಹೊರಡಬೇಡಿರಿ.

ಮಗಳ ಮದುವೆ ಮಾತುಕತೆಯಲ್ಲಿ ಒಡವೆ, ವಸ್ತ್ರದ ವಿಚಾರ ಬರುತ್ತದೆ. ಅವಳ ಉಳಿದ ಓದು ಎಲ್ಲಿ, ಯಾವಾಗ ಎಂಬ ಮಾತೂ ಅದೇ ಜಗುಲಿಯ ಮೇಲೆ ಆಗಲಿ.